ಸಾಹೇಬರ ಕೈಯ ನೀರಿನ ತಂಬಿಗೆ

ಕಳೆದ ವಾರ ಧಾರವಾಡದಿಂದ ಒಬ್ಬ ತರುಣ ಅಣ್ಣಿಗೇರಿಯ ನಮ್ಮ ಮನೆಗೆ ಬಂದಿದ್ದ. ಹೆಗಲಿಗೆ ಜೋಳಿಗೆ, ಕಣ್ಣಿಗೆ ದಪ್ಪ ಕನ್ನಡಕ. ದಿಲ್ಲಿಯಲ್ಲಿ ದೊಡ್ಡ ಹೆಸರು ಮಾಡಿರುವ ನಮ್ಮ ಕಡೆಯ ನಾಯಕರ ಜೀವನಚರಿತ್ರೆ ಬರೆಯುತ್ತಿದ್ದಾನಂತೆ. ಚಹಾ ಮುಗಿಯುವ ಮೊದಲೇ ಪೆನ್ನು ತೆಗೆದ.

"ಅಕ್ಕಾರ, ಸಾಹೇಬ್ರು ಸಣ್ಣವ್ರಿದ್ದಾಗ ಕಟ್ಟಾ ಸಮಾಜವಾದಿ ಆಗಿದ್ರಂತಲ್ರಿ. ಅವ್ರ ಮ್ಯಾಲೆ ಯಾರ ಪ್ರಭಾವ ಆಗಿತ್ರಿ?"

"ಸೈಕಲ್ಲಿಂದು," ಎಂದೆ.

ಹುಡುಗ ಬರೆದುಕೊಳ್ಳಲಿಲ್ಲ. ದಪ್ಪ ದಪ್ಪ ಪುಸ್ತಕಗಳ ಹೆಸರು ಕೇಳಲು ಬಂದವನಿಗೆ ಸೈಕಲ್ ಕೊಟ್ಟರೆ ಪಾಪ, ಏನು ಮಾಡಬೇಕು? ಅವನು ಬರೆಯದಿದ್ದರೆ ಬಿಡಲಿ. ನನಗೆ ಈ ಅಂಕಣ ಇದೆ, ಓದಲು ನೀವಿದ್ದೀರಿ.

ಈ ನಾಯಕರು ನನ್ನ ಸೋದರಮಾವನ ಮಗ. ದಿಲ್ಲಿಯಲ್ಲಿ ಏನೇ ಆಗಿರಲಿ, ಹುಟ್ಟೂರು ಶಲವಡಿಯಲ್ಲಿ ಅವನು ಬಾಳು. ನಾನೂ ಅದೇ ಮನೆಯಲ್ಲಿ ಬೆಳೆದವಳು. (ನನ್ನನ್ನು ಅವನಿಗೇ ಕೊಡುವ ಮಾತು ಒಮ್ಮೆ ಬಂದಿತ್ತು. ತಾತ್ವಿಕ ಭಿನ್ನಾಭಿಪ್ರಾಯದಿಂದ ಮುರಿದುಬಿತ್ತು. ಅವನು ವರದಕ್ಷಿಣೆಯ ವಿರೋಧಿ, ಅವನ ಅವ್ವ ಅಲ್ಲ.)

ನಮ್ಮ ಮಾವ ಊರಿನ ಗೌಡರು. ಒಂದು ದಿನ ಹುಬ್ಬಳ್ಳಿಯಿಂದ ಹೊಸ ಸೈಕಲ್ ತಂದು ದೊಡ್ಡ ಮಗನಿಗೆ ಕೊಟ್ಟರು. ಬಾಳು ತನಗೂ ಬೇಕೆಂದ. "ನಿಮ್ಮಣ್ಣ ಹೊಡೀತಾನ, ನೀ ಹಿಂದ ಕುಂಡ್ರು," ಎಂದರು ಮಾವ. ಬಾಳು ಹಿಂದೆ ಕೂಡಲಿಲ್ಲ. ಅಂದು ಸಂಜೆ ಊಟಕ್ಕೆ ಕೂತಾಗ, ಒಬ್ಬರ ಹೆಸರಿಗೆ ಆಸ್ತಿ ಇರುವುದೇ ಅನ್ಯಾಯ ಎಂದು ಘೋಷಿಸಿದ. ಮಾವ ಇನ್ನೊಂದು ರೊಟ್ಟಿ ಕೇಳಿದರು. ಪುಸ್ತಕಗಳನ್ನು ಓದಿದ್ದೂ ಹೌದು, ಸುಳ್ಳು ಹೇಳಬಾರದು. ಆದರೆ ಅವೆಲ್ಲ ಆಮೇಲೆ.

ಮನೆಯಲ್ಲಿ ಅವನ ಭಾಷಣ ಕೇಳುವವರಿರಲಿಲ್ಲ. ಆದ್ದರಿಂದ ಇಮಾಮಸಾಬನನ್ನು ಹಿಡಿದುಕೊಂಡ. ಇಮಾಮಸಾಬನ ಅಪ್ಪ ನಮ್ಮ ಮಾವನ ಹೊಲವನ್ನು ಲಾವಣಿಗೆ ಮಾಡುತ್ತಿದ್ದ. ಅಂದರೆ ಹೊಲ ಗೌಡರದು, ಬೆವರು ಅವನದು, ಕೊನೆಗೆ ರಾಶಿಯಲ್ಲಿ ಅರ್ಧ ಗೌಡರ ಮನೆಗೆ. ಇಂದು ಮೈದಾನ ತುಂಬ ಜನ ಸೇರಿಸುವ ನಮ್ಮ ನಾಯಕರ ಮೊದಲ ಸಭೆಗೆ ಇಮಾಮಸಾಬ ಒಬ್ಬನೇ ಸಭಿಕ. ಅವನೂ ಎದ್ದುಹೋಗದಂತೆ ಬಾಳು ಅಂಗಿ ಹಿಡಿದಿರುತ್ತಿದ್ದ.

"ಇಮಾಮ್ಯಾ, ಈ ಹೊಲ ಯಾರದಲೇ?"

"ಗೌಡ್ರದು."

"ಅಲ್ಲಲೇ ಹುಚ್ಚಾ, ನಿಂದು! ಬಿತ್ತಾಂವ ನೀ, ಹರಗಾಂವ ನೀ!"

"ಮೆಲ್ಲಕ ಅನ್ನಪಾ. ಗೌಡ್ರು ಕೇಳಿದ್ರ ನನ್ನ ಚರ್ಮ ಸುಲೀತಾರ."

ಎಳ್ಳ ಅಮಾವಾಸ್ಯೆ ಬಂದರೆ ಬಾಳುವಿನ ಕ್ರಾಂತಿ ಇನ್ನೂ ಜೋರು. ನಮ್ಮ ಎರೆಹೊಲದ ಸೀಮೆಯಲ್ಲಿ ಅಂದು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಇಡೀ ಊರು ಹೊಲಕ್ಕೆ ಹೋಗುತ್ತದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ, ಆಮೇಲೆ ಚರಗ. ಬುಟ್ಟಿ ಹಿಡಿದವನು ಮುಂದೆ ನಡೆಯುತ್ತ ಕಡಬು, ಪಲ್ಯ, ಅನ್ನವನ್ನು ಬೆಳೆಯ ಮೇಲೆ ಚೆಲ್ಲಿ "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತಾನೆ. ತಂಬಿಗೆ ಹಿಡಿದವನು ಹಿಂದಿನಿಂದ ನೀರು ಚಿಮುಕಿಸುತ್ತ "ಸುರಾಂಬ್ಲಿಗ್ಯೋ" ಎನ್ನುತ್ತಾನೆ. ನಮ್ಮೂರಲ್ಲಿ ಬುಟ್ಟಿ ಹಿಡಿದವನು ಹೊಲದ ಒಡೆಯ. ತಂಬಿಗೆ ಹಿಡಿದವನು ಆಳು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಮಕ್ಕಳು ಜೊತೆಗೆ ಓಡುತ್ತ ತಾವೇ ಕಲಿಯುತ್ತವೆ.

ಬಾಳು ಓಡಲಿಲ್ಲ. ಅನ್ನವನ್ನು ಮಣ್ಣಿಗೆ ಚೆಲ್ಲುವುದು ಮೂಢನಂಬಿಕೆ ಎಂದು, ಊರಿಗೆ ಬೆನ್ನು ತಿರುಗಿಸಿ, ಬನ್ನಿಗಿಡದ ಕೆಳಗೆ ಪ್ರತಿಭಟನೆಗೆ ಕೂತುಬಿಡುತ್ತಿದ್ದ. ಪ್ರತಿವರ್ಷವೂ. (ಶೇಂಗಾ ಹೋಳಿಗೆಗೆ ಮಾತ್ರ ಬಹಿಷ್ಕಾರ ಇರಲಿಲ್ಲ.) ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಧಾರವಾಡ, ಅಲ್ಲಿಂದ ಜೈಲು, ಅಲ್ಲಿಂದ ದಿಲ್ಲಿ. ಮಾವ ತೀರಿಕೊಂಡರು. ಸೈಕಲ್ ಹೊಡೆದ ಅಣ್ಣ ತನ್ನ ಪಾಲಿಗೆ ಹುಬ್ಬಳ್ಳಿಯ ದಲಾಲಿ ಅಂಗಡಿ ತೆಗೆದುಕೊಂಡ. ಹೊಲ ಬಾಳುವಿನ ಪಾಲಿಗೆ ಬಂತು.

ಅಂದಿನಿಂದ ಅವನ ವಿಚಾರ ಪಕ್ವವಾಗತೊಡಗಿತು. ಮೊದಲು "ಕ್ರಾಂತಿ" ಎನ್ನುತ್ತಿದ್ದವನು "ಹಂತ ಹಂತವಾಗಿ" ಎಂದ. ಆಮೇಲೆ "ವಾಸ್ತವ ನೋಡಬೇಕು" ಎಂದ. ಪಂಡಿತರು ಇದಕ್ಕೆ ವೈಚಾರಿಕ ವಿಕಾಸ ಎಂದೇನೋ ಹೆಸರಿಡುತ್ತಾರೆ. ನನಗೆ ಕಂಡದ್ದು ಇಷ್ಟೇ. ಹೊಲ ಅಪ್ಪನ ಹೆಸರಿಗಿರುವ ತನಕ ಯಾರು ಬೇಕಾದರೂ ಸಮಾಜವಾದಿ ಆಗಬಹುದು.

ಅಷ್ಟರಲ್ಲಿ ಬಂತಲ್ಲ, ಉಳುವವನಿಗೇ ಹೊಲ ಎನ್ನುವ ಕಾಯ್ದೆ! ಲಾವಣಿ ಮಾಡುವವನಿಗೆ ಹೊಲ, ಕೂಲಿಯವನಿಗೆ ಇಲ್ಲ, ಯಾರು ಯಾವುದು ಎಂದು ತೀರ್ಮಾನಿಸಲು ಒಂದು ನ್ಯಾಯಮಂಡಳಿ. ಬಾಳು ದಿಲ್ಲಿಯಲ್ಲಿ ಅದನ್ನು ಹೊಗಳಿ ಭಾಷಣ ಮಾಡಿದ. ಇತ್ತ ಶಲವಡಿಯಲ್ಲಿ ಅವನ ಆಸ್ತಿ ನೋಡಿಕೊಳ್ಳುವ ಕಾರಭಾರಿ ಕಲ್ಲಪ್ಪ, ಅಪ್ಪನ ನಂತರ ಅದೇ ಹೊಲ ಮಾಡುತ್ತಿದ್ದ ಇಮಾಮಸಾಬನ ಮನೆಗೆ ಹೋದ. "ನ್ಯಾಯಮಂಡಳಿಯವ್ರು ಬಂದ್ರ ನಾ ಬರೇ ಕೂಲಿ ಆಳು, ಲಾವಣಿ ಗೀವಣಿ ಏನಿಲ್ಲ ಅಂತ ಹೇಳಿಬಿಡು. ಸಾಹೇಬ್ರು ನಿನ್ನ ಕೈ ಬಿಡೂದಿಲ್ಲ," ಎಂದ.

ಮರುದಿನ ಇಮಾಮಸಾಬ ಬಸ್ಸು ಹತ್ತಿ ಅಣ್ಣಿಗೇರಿಗೆ ಬಂದ. ಚಹಾ ಕೊಟ್ಟರೆ ಬಸಿಯಲ್ಲಿ ಸುರುವಿಕೊಂಡು ಹಾಗೇ ಹಿಡಿದು ಕೂತ.

"ಅಕ್ಕಾರ, ನಮ್ಮಪ್ಪ ಗಳೇ ಹೊಡಿಯೂ ಮುಂದ ಅದ ಹೊಲದಾಗ ಬಿದ್ದು ಸತ್ತ. ನಾ ಕೂಲಿ ಅಂತ ನನ್ನ ಬಾಯಿಲೆ ಹೆಂಗ ಹೇಳ್ಲಿ? ಹೇಳಲಿಲ್ಲಂದ್ರ ಆ ಊರಾಗ ಹೆಂಗ ಬಾಳೇವು ಮಾಡ್ಲಿ?"

"ಊರಾಗ ಎಲ್ಲಾರಿಗೂ ಗೊತ್ತೈತೆಲ್ಲೋ. ಸಾಕ್ಷಿ ಹೇಳ್ತಾರ."

"ಸಾಹೇಬ್ರ ವಿರುದ್ಧ ಯಾರ ಬಾಯಿ ತೆಗೀತಾರ್ರಿ?"

ಆ ಹೊಲ ಹೋದರೆ ಇಮಾಮಸಾಬನಿಗೆ ಉಳಿಯುವುದು ಎರಡು ಎತ್ತು ಮತ್ತು ಬಾಳುವಿನ ಹಳೆಯ ಭಾಷಣ. ಆ ಭಾಷಣ ಅವನಿಗೆ ಇನ್ನೂ ಬಾಯಿಪಾಠ ಇತ್ತು, ಬಾಳುವಿಗೇ ಮರೆತಿತ್ತು. ಆದರೆ ಬಾಳುವನ್ನು ಎದುರಿಸುವ ದಾರಿ ನನಗೂ ತೋಚಲಿಲ್ಲ.

ದಾರಿ ತೋರಿಸಿದ್ದು ಚುನಾವಣೆ. ಅದು ಹತ್ತಿರ ಬಂದಾಗ ನಾಯಕರಿಗೆ ಹುಟ್ಟಿದ ಮಣ್ಣು ನೆನಪಾಗುವುದು ಸಹಜ ತಾನೆ? ಕಳೆದ ಎಳ್ಳ ಅಮಾವಾಸ್ಯೆಗೆ ಬಾಳು ಕಾರಿನಲ್ಲಿ ಬಂದಿಳಿದ. ಜೊತೆಗೆ ಪೇಪರಿನವರು, ಒಬ್ಬ ಫೋಟೋಗ್ರಾಫರ್. ಮಣ್ಣಿನ ಮಗ ಚರಗ ಚೆಲ್ಲುವ ಫೋಟೋ ಬೇಕಾಗಿತ್ತು. ಎಂದೋ ಮೂಢನಂಬಿಕೆಯಾಗಿದ್ದದ್ದು ಈಗ ಸಂಸ್ಕೃತಿಯಾಗಿತ್ತು. ನಾನೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆ.

ಪೂಜೆ ಮುಗಿಯಿತು. ಪ್ರತಿವರ್ಷ ಸಾಹೇಬರ ಪರವಾಗಿ ಬುಟ್ಟಿ ಹಿಡಿಯುತ್ತಿದ್ದವನು ಕಲ್ಲಪ್ಪ, ತಂಬಿಗೆ ಹಿಡಿಯುತ್ತಿದ್ದವನು ಇಮಾಮಸಾಬ. ಆ ದಿನ ಕಲ್ಲಪ್ಪ ದೊಡ್ಡ ಭಕ್ತಿಯಿಂದ ಬುಟ್ಟಿಯನ್ನು ಸಾಹೇಬರ ಮುಂದೆ ಹಿಡಿದ. ಬಾಳು ಅದರಲ್ಲಿ ಇಣುಕಿ ನೋಡಿದ. ಪುಂಡಿಪಲ್ಯ, ಎಣ್ಣೆ ಸೋರುವ ಬದನೆಕಾಯಿ. ಆಮೇಲೆ ತನ್ನ ಬಿಳಿ ಜುಬ್ಬಾ ನೋಡಿಕೊಂಡ.

"ಸಾಹೇಬ್ರ, ನೀವು ತಾಮ್ರದ ತಂಬಿಗಿ ಹಿಡಕೋರಿ. ಬಿಸಲಿಗೆ ಹೊಳೀತೈತಿ, ಫೋಟೋ ಅಗದಿ ಚಲೋ ಬರ್ತೈತಿ," ಎಂದ ಫೋಟೋಗ್ರಾಫರ್. (ಹುಡುಗ ನಮ್ಮ ಕಡೆಯವನೇ, ಆದರೆ ಮುಂಬಯಿಯಲ್ಲಿ ಬೆಳೆದವನು.)

ಬಾಳುವಿನ ಮುಖ ಅರಳಿತು. "ಕರೆಕ್ಟ್! ಬುಟ್ಟಿ ಇಮಾಮಸಾಬ ಹಿಡೀಲಿ. ರೈತ ಮುಂದ, ನಾಯಕ ಹಿಂದ!"

ಇಮಾಮಸಾಬ ನನ್ನ ಕಡೆ ನೋಡಿದ.

"ಸಾಹೇಬ್ರು ಹೇಳ್ಯಾರಲ್ಲಪಾ, ಹಿಡಿ," ಎಂದೆ.

ಕಲ್ಲಪ್ಪನ ಬಣ್ಣ ಹಾರಿಹೋಗಿತ್ತು. "ಸಾಹೇಬ್ರ, ಅದು ಹಂಗಲ್ರಿ, ಅದು..." ಎಂದು ಬಾಯಿ ತೆರೆದ. ತೆರೆದ ಬಾಯಿಗೆ ನಾನು ಒಂದು ಇಡೀ ಶೇಂಗಾ ಹೋಳಿಗೆ ಇಟ್ಟೆ. "ಕಲ್ಲಪ್ಪಣ್ಣ, ಹಬ್ಬದ ದಿನ ಮೊದಲ ಬಾಯಿ ಸಿಹಿ ಮಾಡ್ರಿ!" ಶೇಂಗಾ ಹೋಳಿಗೆ ತಿಂದವರಿಗೆ ಗೊತ್ತು, ನೀರಿಲ್ಲದೆ ಅದು ಬೇಗ ಗಂಟಲಿಗೆ ಇಳಿಯುವುದಿಲ್ಲ. ನೀರಿನ ತಂಬಿಗೆಯೋ ಸಾಹೇಬರ ಕೈಯಲ್ಲಿ!

ಇಮಾಮಸಾಬ ಮೊದಲ ಹಿಡಿ ಚೆಲ್ಲಿದ. "ಹುಲ್ಲುಲ್ಲಿಗ್ಯೋ" ಎಂದು ಕೂಗಿದ. ಹಿಂದೆ ಬಾಳು ನೀರು ಚಿಮುಕಿಸುತ್ತ ನಡೆದ. ಸೈಕಲ್ಲಿನ ಹಿಂದೆ ಕೂಡಲೊಲ್ಲದ ಹುಡುಗ ಇಮಾಮಸಾಬನ ಹಿಂದೆ ಇಡೀ ಹೊಲ ಸುತ್ತಿದ, ಅದೂ ನಗುನಗುತ್ತ. ಬಾಜೂ ಹೊಲಗಳಲ್ಲಿ ಉಣ್ಣುತ್ತಿದ್ದವರು ತುತ್ತು ಕೈಯಲ್ಲಿ ಹಿಡಿದೇ ಎದ್ದುನಿಂತರು.

"ಏ, ಗೌಡ್ರ ಮಗಾ ಹೊಲಾ ಬಿಟ್ಟಕೊಟ್ನಲೇ!" ಎಂದು ಒಬ್ಬ ಮುದುಕ ಕೂಗಿದ.

ಬಾಳು ಅತ್ತ ಕೈಬೀಸಿದ. ಯಾರೋ ಜೈಕಾರ ಹಾಕಿದರು ಎಂದುಕೊಂಡಿರಬೇಕು.

ಫೋಟೋ ಪೇಪರಿನಲ್ಲಿ ದೊಡ್ಡದಾಗಿ ಬಂತು. ಬೇಸಿಗೆಯಲ್ಲಿ ನ್ಯಾಯಮಂಡಳಿಯವರು ಊರಿಗೆ ಬಂದು ಚಾವಡಿಯಲ್ಲಿ ಕೂತರು. ಇಮಾಮಸಾಬ ಕೂಲಿಯೋ, ಲಾವಣಿ ರೈತನೋ? ಸಾಹೇಬರ ವಿರುದ್ಧ ಬಾಯಿ ತೆಗೆಯದ ಊರು ಅಂದು ಸಾಹೇಬರನ್ನು ಹೊಗಳಲು ಸಾಲುಗಟ್ಟಿ ನಿಂತಿತು.

"ಕೂಲಿ ಹೆಂಗಾಕ್ಕಾನ್ರಿ? ಅಜ್ಜನ ಕಾಲದಿಂದ ಲಾವಣಿ ಮಾಡ್ಕೋತ ಬಂದಾರ್ರಿ ಅವ್ರು. ಚರಗಾ ಚೆಲ್ಲಿದಾಂವ ಅಂವ, ನೀರ ಹಾಕಿದವ್ರು ಸಾಹೇಬ್ರು. ಧರ್ಮವಂತ್ರರಿ ನಮ್ಮ ಸಾಹೇಬ್ರು!"

ಮಂಡಳಿಯಲ್ಲಿ ಕೂತವರೂ ನಮ್ಮ ಸೀಮೆಯವರೇ. ಫೋಟೋ ನೋಡಿ ಮುಗುಳ್ನಕ್ಕರಂತೆ. ಹೊಲ ಇಮಾಮಸಾಬನದಾಯಿತು.

ಎರಡು ದಿನಕ್ಕೆ ದಿಲ್ಲಿಯಿಂದ ನನಗೆ ಟ್ರಂಕ್ ಕಾಲ್ ಬಂತು. "ನೀ ಅಲ್ಲೇ ಇದ್ದಿ. ಬುಟ್ಟಿ ನಾ ಹಿಡೀಬೇಕು ಅಂತ ಒಂದ ಮಾತ ಹೇಳಾಕ ಏನಾಗಿತ್ತು ನಿನಗ?"

"ನನಗೇನ ಗೊತ್ತು? ನೀನ ಅದನ್ನ ಮೂಢನಂಬಿಕಿ ಅಂದಿದ್ದಿ. ನಾ ನಂಬಿದ್ನಿ," ಎಂದೆ.

ಲೈನ್ ಕಟ್ಟಾಯಿತು. (ತಾನಾಗಿಯೋ, ಅವನೇ ಕಟ್ ಮಾಡಿದನೋ ಗೊತ್ತಿಲ್ಲ.)

ಆದರೆ ನಾಯಕ ಸುಮ್ಮನೆ ನಾಯಕನಾಗುತ್ತಾನೆಯೇ? ತಿಂಗಳೊಪ್ಪತ್ತಿನಲ್ಲಿ ನವಲಗುಂದದ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ. "ತಾರುಣ್ಯದಲ್ಲಿ ನಂಬಿದ ತತ್ವಕ್ಕೆ ನಾನು ಇಂದಿಗೂ ಬದ್ಧ. ನನ್ನ ಹೊಲವನ್ನು ಉಳುವವನಿಗೇ ಬಿಟ್ಟುಕೊಟ್ಟಿದ್ದೇನೆ!" ಚಪ್ಪಾಳೆಯೋ ಚಪ್ಪಾಳೆ. ಧಾರವಾಡದ ತರುಣ ಈ ಭಾಷಣವನ್ನು ಅಕ್ಷರ ಬಿಡದೆ ಬರೆದುಕೊಂಡಿದ್ದಾನೆ. ಪುಸ್ತಕದ ಕೊನೆಯ ಅಧ್ಯಾಯ ಅದೇ ಅಂತೆ.

ಮೊನ್ನೆ ಇಮಾಮಸಾಬ ಬಂದಿದ್ದ. ಹೊಸ ರುಮಾಲು, ಹೊಸ ಮೀಸೆ. ಈ ಸಲದ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬರಬೇಕೆಂದು ಕರೆಯಲು ಬಂದಿದ್ದ. ಆಳುಗಳು ಈಗೀಗ ಬಹಳ ಮಾತಾಡುತ್ತಾರೆ, ಎಲ್ಲರಿಗೂ ರಾಶಿಯಲ್ಲಿ ಪಾಲು ಬೇಕಂತೆ, ಹೀಗಾದರೆ ಒಕ್ಕಲುತನ ಹೇಗೆ ನಡೆಯಬೇಕು, ವಾಸ್ತವ ನೋಡಬೇಡವೇ ಎಂದು ಒಂದು ತಾಸು ಗೊಣಗಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಈ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು.

"ಬಾಳೂನ್ನೂ ಕರೀತಿ ಏನೋ?" ಎಂದು ಕೇಳಿದೆ.

"ಕರೀಲೇಬೇಕಲ್ರಿ ಅಕ್ಕಾರ. ನೀರ ಹಾಕಾಕ ಈಗ ಆಳ ಎಲ್ಲಿ ಸಿಗ್ತಾವ್ರಿ?"