ಊದಿನಕಡ್ಡಿ ಆರುವಷ್ಟು ಹೊತ್ತು

ಬ್ಯಾಗು ಹೊತ್ತು ಊರೂರಿಗೆ ಕಂಪ್ಯೂಟರ್ ರಿಪೇರಿಗೆ ಅಲೆಯುತ್ತಿದ್ದ ಕಾಲ. ಸಿಂದಗಿಯಲ್ಲಿ ಲಗ್ನಪತ್ರಿಕೆ ಮಾಡುವ ಗಂಗಕ್ಕನವರದು ಒಂದೇ ಹಟ, ತಮ್ಮ ಹಳೇ ಮಷಿನ್ನಿಗೆ ವಿಂಡೋಸ್ ಎಕ್ಸ್‌ಪಿ ಹಾಕಬೇಕು. ಗಿರಾಕಿಗಳು ತರುವ ಪೆನ್‌ಡ್ರೈವ್ ಅವರ ವಿಂಡೋಸ್ ತೊಂಬತ್ತೆಂಟಕ್ಕೆ ಗುರುತೇ ಸಿಗುತ್ತಿರಲಿಲ್ಲ. ಬಂದವರೆಲ್ಲ ಎದುರಿನ ಅಂಗಡಿಗೆ ಹೋಗುತ್ತಿದ್ದರು.

"ಅಕ್ಕಾರ, ಇದರಾಗ ಅಷ್ಟು ಮೆಮರಿ ಇಲ್ರಿ. ಆಗೂದಿಲ್ಲ."

"ಆಗೂದಿಲ್ಲ ಅಂತ ನೀ ಅಂತಿಯೋ, ಮಷಿನ್ ಅಂತೈತೋ? ಮೊದಲ ಅದನ್ನ ಕೇಳು."

ಸಿ.ಡಿ. ಹಾಕಿ ಕೇಳಿದೆ. ಮೆಮರಿ ಸಾಲದು, ಆಗುವುದಿಲ್ಲ ಎಂದು ಅದೂ ಹೇಳಿತು. ನನಗೂ ಹಟ ಬಂತು. ಅದು ಮೆಮರಿಯ ಲೆಕ್ಕ ಕೇಳುವುದು ಹಾಕುವಾಗ ಮಾತ್ರ. ಚಡಚಣದ ಗಿರಾಕಿಗೆಂದು ಒಯ್ಯುತ್ತಿದ್ದ ಮೆಮರಿಯನ್ನು ಅದರೊಳಗೆ ಸಿಕ್ಕಿಸಿ, ಎಕ್ಸ್‌ಪಿ ಹಾಕಿ ಮುಗಿಸಿ, ಮತ್ತೆ ಬಿಚ್ಚಿಕೊಂಡೆ. ಪರದೆಯ ಮೇಲೆ ಎಕ್ಸ್‌ಪಿಯ ಹಸಿರು ಗುಡ್ಡದ ಚಿತ್ರ ಬಂತು, ಪೆನ್‌ಡ್ರೈವೂ ತೆರೆಯಿತು. ಆದರೆ ಚಾಲೂ ಆಗಲು ಅದು ಹಿಡಿದ ಹೊತ್ತು ನೋಡಿ ನನಗೇ ನಾಚಿಕೆಯಾಯಿತು.

ಗಂಗಕ್ಕ ಬೈಯಲಿಲ್ಲ. ಮುಂಜಾನೆ ಬಂದವರೇ ಬಟನ್ ಒತ್ತುತ್ತಿದ್ದರು. ಆಮೇಲೆ ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಹಾಕಿ, ದೇವರ ಪಟಕ್ಕೂ ಮಷಿನ್ನಿಗೂ ಒಂದೇ ಊದಿನಕಡ್ಡಿ ಬೆಳಗುತ್ತಿದ್ದರು. ಕಡ್ಡಿ ಆರುವಷ್ಟರಲ್ಲಿ ಗುಡ್ಡ ಬರುತ್ತಿತ್ತು.

ಕೆಲ ವರ್ಷಗಳ ಮೇಲೆ ಅವರಿಗೆ ಹೊಸ ಮಷಿನ್ ಕೂಡಿಸಿಕೊಟ್ಟೆ. ವಾರದೊಳಗೆ ಫೋನ್ ಬಂತು.

"ತಮ್ಮಾ, ಕಸಬರಗಿ ಹಿಡಿಯೂದ್ರಾಗ ಇದು ತಯಾರಾಗಿ ಕುಂತಿರ್ತೈತಿ. ಗಿರಾಕಿ ಗಡಬಡ ಮಾಡ್ತಾರ. ದೇವರಿಗೆ ಕೈ ಮುಗಿಯಾಕೂ ಪುರಸೊತ್ತಿಲ್ಲ. ಇದನ್ನ ಸ್ವಲ್ಪ ಸಾವಕಾಶ ಮಾಡಾಕ ಬರ್ತೈತೇನು?"

"ಬರೂದಿಲ್ರಿ ಅಕ್ಕಾರ."

"ಅದನ್ನ ಕೇಳಿದಿಯೇನು?"