ಖಾಜಾಬಿಯ ಬಾವಿಗೆ ಇಳಿದ ಕೆಂಪು ನೀರು

ಮೈಸೂರಿನಲ್ಲಿ ರೈಲು ಹತ್ತಿದವಳು ಮರುದಿನ ಯಾದಗಿರಿಯಲ್ಲಿ ಇಳಿದಾಗ ಬೆಳಗಿನ ಬಿಸಿಲಿಗೇ ಬೆನ್ನು ಚುರುಗುಟ್ಟಿತು. ಜೂನ್ ಶುರುವಾಗಿತ್ತು, ಮುಂಗಾರು ಇನ್ನೂ ನೆಲೆ ನಿಂತಿರಲಿಲ್ಲ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸುಸಲಾ ತಿಂದೆ. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿದ ತಿಂಡಿ ಅದು. ಜೊತೆಗೊಂದು ಮೆಣಸಿನಕಾಯಿ ಬಜಿ. “ಒಂದ್ರಾಗ ಏನಾಗ್ತದ್ರಿ ಅಮ್ಮಾರ, ಇನ್ನೊಂದು ತಗೋರಿ” ಎಂದು ಬಡಿಸುವವರು ಗದರಿದರು. ನನ್ನ ಮೈಸೂರು ಕಿವಿಗೆ ಜಗಳದಂತೆ ಕೇಳಿಸಿತು. ಬಜಿ ತಟ್ಟೆಗೆ ಬಿದ್ದ ಮೇಲೆ ಉಪಚಾರವೆಂದು ತಿಳಿಯಿತು.

ಊರು ನೋಡಲು ಹೊರಟವಳಲ್ಲ ನಾನು. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಪಾಠ ಹೇಳಿ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಹಳೆಯ ವಿದ್ಯಾರ್ಥಿನಿ ರೇಣುಕಾ ಫೋನ್ ಮಾಡಿದ್ದಳು. ತಂದೆಯ ನೌಕರಿಯಿಂದಾಗಿ ಮೈಸೂರಿನಲ್ಲಿ ಓದಿದ ಶಹಾಪುರದ ಹುಡುಗಿ. ಈಗ ಸುರಪುರದ ಗುಡ್ಡದ ಇಳಿಜಾರಿನಲ್ಲಿ ಕಟ್ಟುತ್ತಿರುವ ಹೆಣ್ಣುಮಕ್ಕಳ ವಸತಿನಿಲಯಕ್ಕೆ ಅವಳೇ ಇಂಜಿನಿಯರ್. “ಮೇಡಂ, ಮೊನ್ನಿ ಮಳಿಗಿ ನಮ್ಮ ಸೈಟಿನ ಮಣ್ಣು ಕೆಳಗಿನ ಮನಿ ಬಾವಿಗಿ ಹೋಗ್ಯಾದ್ರಿ. ಆ ಮನಿಯವರ ಮುಖ ನೋಡಾಕ ನನ್ನ ಕಡಿಂದ ಆಗವಲ್ದು. ಒಮ್ಮಿ ಬರ್ತೀರೇನ್ರಿ?” ಎಂದಿದ್ದಳು. ಮರುದಿನವೇ ಟಿಕೆಟ್ ತೆಗೆಸಿದೆ.

ಶಹಾಪುರದ ಬಸ್ಸಿನಲ್ಲಿ ಆಧಾರ್ ತೋರಿಸಿ ಹೆಂಗಸರ ಶೂನ್ಯ ದರದ ಚೀಟಿ ಪಡೆದು ಕಿಟಕಿ ಪಕ್ಕ ಕುಳಿತೆ. ಊರು ದಾಟುತ್ತಲೇ ಭೀಮಾ ನದಿ. ಸೇತುವೆಯ ಕೆಳಗೆ ಬಂಡೆಗಳೇ ಹೆಚ್ಚು, ನೀರು ಕಡಿಮೆ. ಆಮೇಲೆ ಉತ್ತು ಬಿಟ್ಟ ಕಪ್ಪು ಹೊಲಗಳು ಕಣ್ಣು ಹಾಯುವಷ್ಟು ದೂರ.

ಶಹಾಪುರದ ನಿಲ್ದಾಣದಲ್ಲಿ ರೇಣುಕಾ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಮನೆಗೆ ಕರೆದೊಯ್ದಳು. ಅವಳ ತಾಯಿ ಜೋಳದ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಬಡಿಸಿ, ಮಗಳು ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲವೆಂದು ದೂರಿ ಒಳಗೆ ಹೋದರು.

“ನೆಲ ಸಮ ಮಾಡಿದಾಗ ತೆಗೆದ ಮಣ್ಣು ಎಲ್ಲಿ ಹಾಕಿಸಿದೆ?” ಎಂದು ಕೇಳಿದೆ.

“ಇಳಿಜಾರಿನ ಅಂಚಿಗೇ ರೀ. ಹತ್ರ ಆಗ್ತದ, ಕೆಲಸ ಲಗೂನ ಮುಗೀತದ ಅಂತ ನಾನೇ ಹೇಳಿದ್ದೆ.” ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದಳು. “ಮಳೆನೀರು, ಮಣ್ಣು ತಡಿಯೋದು ಪುಸ್ತಕದ ಕೊನಿಗಿ ಅರ್ಧ ಪುಟ ಇತ್ತಲ್ರಿ? ನೀವೇ ಓದ್ಕೊಳ್ಳಿ, ಪರೀಕ್ಷೆಗೆ ಬರಲ್ಲ ಅಂದಿದ್ರಿ.”

“ಓದಿದ್ದೆಯಾ?”

“ಇಲ್ರಿ.”

ಆರೋಪವಿರಲಿಲ್ಲ ಅವಳ ದನಿಯಲ್ಲಿ. ಆದರೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಇಪ್ಪತ್ತೆಂಟು ವರ್ಷ, ಪ್ರತಿ ತರಗತಿಗೂ ಅದೇ ಮಾತು ಹೇಳಿದ್ದೆ. “ತಪ್ಪಿನಲ್ಲಿ ಅರ್ಧ ನನ್ನದು, ನಡಿ” ಎಂದೆ.

ಮಧ್ಯಾಹ್ನ ಮಾರುಕಟ್ಟೆಯಲ್ಲಿ ಖಾಲಿ ಗೋಣಿಚೀಲ ಕೊಂಡೆವು. ಹುಣಸಗಿ ಕಡೆಯ ಕಾಲುವೆ ಗದ್ದೆಗಳ ಭತ್ತದ ಹುಲ್ಲನ್ನು ಟೆಂಪೊಗೆ ಹೇರಿಸಿ ಚಾಲಕನ ಪಕ್ಕದಲ್ಲೇ ಕುಳಿತು ಹೊರಟೆವು. ಸುರಪುರ ಒಂದು ಗಂಟೆಯೊಳಗಿನ ದಾರಿ. ದಾರಿಯುದ್ದಕ್ಕೂ ರೇಣುಕಾ ಆಕಾಶವನ್ನೇ ನೋಡುತ್ತಿದ್ದಳು.

ಗುಡ್ಡದ ಹೆಬ್ಬಂಡೆಗಳ ಕೆಳಗೆ ಕೆಂಪು ನೆಲವನ್ನು ಮೆಟ್ಟಿಲಿನಂತೆ ಕಡಿದಿದ್ದರು. ಅಂಚಿಗೆ ಆಳೆತ್ತರದ ಸಡಿಲ ಮಣ್ಣಿನ ಗುಡ್ಡೆ. ಅದರ ನೇರ ಕೆಳಗೆ ಒಂದು ಹೆಂಚಿನ ಮನೆ. ಮಳೆ ಮಣ್ಣಿನಲ್ಲಿ ಕೊರೆದ ಗೀರುಗಳೆಲ್ಲ ಆ ಅಂಗಳದತ್ತಲೇ ಇಳಿದಿದ್ದವು. “ಇನ್ನೊಂದ್ ದೊಡ್ಡ ಮಳಿ ಆದ್ರ ಈ ಗುಡ್ಡಿನೇ ಮನಿಮ್ಯಾಲ ಕೂಡತದ್ರಿ” ಎಂದರು ನಾಗಪ್ಪ ಮೇಸ್ತ್ರಿ. ಅರವತ್ತು ದಾಟಿದ ಮನುಷ್ಯ. ದಿನವೂ ಆ ಮನೆಯ ನೀರು ಕುಡಿದೇ ಕೆಲಸಕ್ಕೆ ಇಳಿಯುತ್ತಿದ್ದರಂತೆ. ಬಾವಿ ಕೆಟ್ಟಂದಿನಿಂದ ಅತ್ತ ಹೋಗಲು ನಾಚಿಕೆ.

ಮೊದಲು ಅಲ್ಲಿಗೇ ಹೋದೆವು. ಮನೆಯೊಡತಿ ಖಾಜಾಬಿ ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ದಪ್ಪ ಹೊದಿಕೆ. ಅದೇ ಅವರ ಜೀವನೋಪಾಯ. ನಮ್ಮನ್ನು ನೋಡಿ ಸೂಜಿ ಕೆಳಗಿಟ್ಟರು. ಎದ್ದು ಅಂಗಳದ ಬಾವಿಗೆ ಕೊಡ ಇಳಿಸಿ, ಸೇದಿ, ನನ್ನ ಬೊಗಸೆಗೆ ಸುರಿದರು. ಬೆರಳ ಸಂದಿಯಲ್ಲಿ ಕೆಂಪು ರಾಡಿ ಉಳಿಯಿತು.

“ನಮ್ಮ ಮನ್ಯಾರು ಕೈಯಾರೆ ತೋಡಿದ ಬಾವಿರಿ ಇದು. ಅವರು ಹೋಗಿ ಒಂಬತ್ ವರ್ಷ ಆತು. ನಾಕ್ ಮನಿಯವರು ಇದೇ ನೀರು ಕುಡಿತೀವಿ.”

ರೇಣುಕಾ ಮುಂದೆ ಬಂದಳು. “ಚಾಚಿ, ಆ ಮಣ್ಣು ಅಲ್ಲಿ ಹಾಕಂತ ಹೇಳಿದಾಕಿ ನಾನೇ. ಮೊದ್ಲೇ ಬಂದು ಹೇಳಬೇಕಿತ್ತು. ಅಂಜಿದೆ.”

ಖಾಜಾಬಿ ಖಾಲಿ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟರು. “ಅಂಜಿದ್ರ ಮಳಿ ನಿಂದರ್ತದೇನು ಬೇಟಿ? ಮೊದ್ಲು ಆ ಗುಡ್ಡಿ ತೆಗಸು” ಎಂದು ಒಳಗೆ ಹೋದರು.

ಆ ಸಂಜೆಯೇ ಶುರುವಾಯಿತು. ಕಟ್ಟಡದ ಕೆಲಸ ನಿಲ್ಲಿಸಿ, ಆಳುಗಳೆಲ್ಲ ಅಂಚಿನ ಮಣ್ಣನ್ನು ಒಳಗಿನ ಸಮತಟ್ಟಿಗೆ ಸಾಗಿಸಿದರು. ಮರುದಿನ ಪಂಪು ತರಿಸಿ ಬಾವಿ ಖಾಲಿ ಮಾಡಿಸಿದೆವು. ನಾಗಪ್ಪ ಮೇಸ್ತ್ರಿ ತಾವೇ ಒಳಗಿಳಿದು ಬುಟ್ಟಿ ಬುಟ್ಟಿ ಹೂಳು ತುಂಬಿ ಕಳಿಸಿದರು. ಕಡಿದ ಇಳಿಜಾರಿನ ಮೇಲೆ ಹುಲ್ಲು ಹಾಸಿ, ಹಗ್ಗ ಬಿಗಿದು, ಗೂಟ ಹೊಡೆದೆವು. ಹನಿಗಳು ನೇರವಾಗಿ ಮಣ್ಣಿಗೆ ಹೊಡೆಯದಿದ್ದರೆ ಮಣ್ಣು ಏಳುವುದಿಲ್ಲ. ಅಂಚಿಗೆ ಮರಳು ತುಂಬಿದ ಗೋಣಿಚೀಲಗಳ ಸಾಲು, ಅದರ ಹಿಂದೆ ರಾಡಿ ನೀರು ನಿಂತು ತಿಳಿಯಾಗಲು ಒಂದು ಗುಂಡಿ. ಗುಡ್ಡದಿಂದ ಬರುವ ನೀರು ಸೈಟಿಗೇ ಬಾರದಂತೆ ಮೇಲ್ಗಡೆ ಒಂದು ಕಾಲುವೆ ತೋಡಬೇಕಿತ್ತು. ನಕ್ಷೆ ನೋಡಿ ಪೂರ್ವದ ಕಡೆ ಗುರುತು ಹಾಕಿಸಿದೆ.

ಕೆಳಗಿನಿಂದ ಕೂಗು ಕೇಳಿತು. ಖಾಜಾಬಿ ಸೆರಗು ಬಿಗಿದು ಗುಡ್ಡ ಹತ್ತಿ ಬರುತ್ತಿದ್ದರು.

“ಅಲ್ಲಿ ಯಾಕ ತೋಡ್ತೀರಿ? ಆ ಕಡಿಂದ ನೀರು ಎಂದೂ ಬರಂಗಿಲ್ಲ. ಆ ಬೇವಿನ ಗಿಡದ ಮಗ್ಗಲಿಂದ ಬರ್ತದ. ನಾ ಲಗ್ನಾಗಿ ಬಂದಾಗಿಂದ ನೋಡೀನಿ.”

ಪಶ್ಚಿಮಕ್ಕೆ, ಆ ಬೇವಿನ ಬುಡಕ್ಕೆ ಹೋಗಿ ನೋಡಿದೆ. ನೆಲ ಸಮ ಮಾಡುವಾಗ ಹಳೆಯ ನೀರಿನ ದಾರಿ ಮುಚ್ಚಿಹೋಗಿತ್ತು. ಮೇಲೆ ಬಂಡೆಗಳ ನಡುವೆ ಮಾತ್ರ ಅದರ ಗುರುತಿತ್ತು. ಅವರು ಬರದಿದ್ದರೆ ನಾನು ಒಣ ನೆಲದಲ್ಲಿ ಕಾಲುವೆ ತೋಡಿಸಿ ಊರಿಗೆ ಮರಳುತ್ತಿದ್ದೆ. ಗುರುತಿನ ಗೂಟಗಳನ್ನು ನಾನೇ ಕಿತ್ತು ಅವರ ಕೈಗೆ ಕೊಟ್ಟೆ. ಅವರು ನಡೆಯುತ್ತ ಒಂದೊಂದಾಗಿ ನೆಟ್ಟರು. ರೇಣುಕಾ ಅವರ ಹಿಂದೆ ಸುಣ್ಣದ ಗೆರೆ ಎಳೆದಳು.

ಮೂರನೆಯ ದಿನ ಮಧ್ಯಾಹ್ನ ಮಳೆ ಬಂತು. ಗುಡುಗಿನ ಹಿಂದೆಯೇ ಗುಡ್ಡದ ಬಂಡೆಗಳೆಲ್ಲ ನೆನೆದು ಹೊಳೆದವು. ಬೇವಿನ ಮಗ್ಗುಲಿನಿಂದ ನೀರು ಧುಮುಕಿ, ಹೊಸ ಕಾಲುವೆ ಹಿಡಿದು, ಸೈಟನ್ನು ಬಳಸಿ ರಸ್ತೆಯ ಚರಂಡಿಗೆ ಹೋಯಿತು. ರೇಣುಕಾ ನನ್ನ ತೋಳು ಹಿಡಿದು “ಹೊಂಟದ ರೀ ಮೇಡಂ, ಹೊಂಟದ!” ಎಂದು ಕಿರುಚಿದಳು.

ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಸೈಟಿನೊಳಗೇ ಬಿದ್ದ ಮಳೆಗೆ ಕೆಳಗಿನ ಗುಂಡಿ ತುಂಬಿ, ಗೋಣಿಚೀಲದ ಸಾಲು ಒಂದು ಕಡೆ ಬಿರುಕು ಬಿಟ್ಟಿತು. ಕೆಂಪು ನೀರು ಅಂಗಳದತ್ತ ನುಗ್ಗಿತು. ನಾಗಪ್ಪ ಮೇಸ್ತ್ರಿ ಓಡಿಹೋಗಿ ಬಿರುಕಿಗೆ ಬೆನ್ನು ಕೊಟ್ಟು ಕುಳಿತರು. “ಚೀಲ ತರ್ರಿ, ಚೀಲ!” ತುಂಬಿದ ಚೀಲ ಒಂದೂ ಉಳಿದಿರಲಿಲ್ಲ. ಅಷ್ಟರಲ್ಲಿ ಖಾಜಾಬಿ ಮನೆಯಿಂದ ಓಡಿಬಂದರು. ಕಂಕುಳಲ್ಲಿ ಹೊಲಿದು ಮುಗಿಸಿದ ಎರಡು ಕೌದಿ. ಮಡಿಚಿ ಬಿರುಕಿಗೆ ತುರುಕಿ ಕಾಲಿನಿಂದ ಒತ್ತಿದರು.

“ಚಾಚಿ, ಕೌದಿ!” ರೇಣುಕಾ ಚೀರಿದಳು.

“ಕೌದಿ ಒಗದ್ರ ಹೋಗ್ತದ. ಬಾವಿ ಒಗಿಯಾಕ ಬರ್ತದೇನು? ಕಲ್ಲು ತಾ!”

ಅವಳು ಕಲ್ಲು ತಂದಳು, ನಾನೂ ತಂದೆ. ಮಳೆ ನಿಲ್ಲುವ ತನಕ ನಾಲ್ವರೂ ಆ ಬಿರುಕಿಗೆ ಒತ್ತಿಕೊಂಡು ನಿಂತಿದ್ದೆವು. ಆಮೇಲೆ ನೋಡಿದರೆ ಅಂಗಳದ ಒಂದು ಮೂಲೆಗೆ ರಾಡಿ ಬಂದಿತ್ತು, ಬಾವಿಕಟ್ಟೆ ಮುಟ್ಟಿರಲಿಲ್ಲ. ಖಾಜಾಬಿ ಕೊಡ ಇಳಿಸಿದರು. ತಳದಲ್ಲಿ ಹೊಸದಾಗಿ ಊರಿದ ನೀರು, ತುಸು ಮಬ್ಬು, ಆದರೆ ಕೆಂಪಲ್ಲ. ಅವರು ಮೊದಲು ತಾವು ಬಾಯಿಗೆ ಹಾಕಿಕೊಂಡು ನೋಡಿದರು. ಆಮೇಲೆ ಮೇಸ್ತ್ರಿಯನ್ನು ಕರೆದರು: “ಬಾ ನಾಗಪ್ಪ, ಕುಡಿ.” ಆತ ಬೊಗಸೆ ಒಡ್ಡಿದರು. ಕುಡಿದು ಮತ್ತೊಮ್ಮೆ ಒಡ್ಡಿದರು.

ರೇಣುಕಾ ಅಲ್ಲೇ ಕಲ್ಲಿನ ಮೇಲೆ ಕುಳಿತು ಕೌದಿ ಒಗೆಯತೊಡಗಿದಳು. ಖಾಜಾಬಿ ತಡೆಯಲಿಲ್ಲ, ಪಕ್ಕದಲ್ಲಿ ನಿಂತು ನೀರು ಹೊಯ್ದರು.

ಮರುದಿನ ಬೆಳಿಗ್ಗೆ ಸುರಪುರದಲ್ಲೇ ಯಾದಗಿರಿ ಬಸ್ಸು ಹತ್ತಿದೆ. ರೇಣುಕಾ ಬೀಳ್ಕೊಡಲು ಬರಲಿಲ್ಲ. ಗುಂಡಿಯ ಹೂಳು ಪ್ರತಿ ಮಳೆಯ ನಂತರ ತೆಗೆಯಲೇಬೇಕು, ಇಲ್ಲದಿದ್ದರೆ ಮುಂದಿನ ಮಳೆಗೆ ಜಾಗವಿರುವುದಿಲ್ಲ. ಅದನ್ನು ಬಿಟ್ಟು ಬರುವುದಿಲ್ಲವೆಂದು ಫೋನಿನಲ್ಲಿ ಹೇಳಿದಳು. ನನಗೆ ಅದೇ ಹೆಚ್ಚು ಸಂತೋಷ.

ಬಸ್ಸು ತಿರುವಿನಲ್ಲಿ ನಿಧಾನವಾದಾಗ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಇಳಿಜಾರಿನಲ್ಲಿ ಸೈಟಿನ ಹೆಂಗಸರು ಸಾಲಾಗಿ ನಿಂತು ಹೂಳಿನ ಬುಟ್ಟಿಗಳನ್ನು ಕೈಯಿಂದ ಕೈಗೆ ಮೇಲೆ ಸಾಗಿಸುತ್ತಿದ್ದರು. ಸಾಲಿನ ತುದಿಯಲ್ಲಿ ಇಬ್ಬರು ಅಕ್ಕಪಕ್ಕ ನಿಂತಿದ್ದರು. ಒಬ್ಬಳ ತಲೆಯ ಮೇಲೆ ಇಂಜಿನಿಯರರ ಹಳದಿ ಟೋಪಿ, ಇನ್ನೊಬ್ಬರ ತಲೆಯ ಮೇಲೆ ಸೆರಗು. ಸೆರಗಿನವರು ಕೈಚಾಚಿ ಗುಡ್ಡದ ಕಡೆ ಏನನ್ನೋ ತೋರಿಸುತ್ತಿದ್ದರು, ಟೋಪಿಯವಳು ಬರೆದುಕೊಳ್ಳುತ್ತಿದ್ದಳು.