ಶಿಗ್ಲಿಯ ಎಂಜಿನ್ನು ಮತ್ತು ಮಾವನವರ ಕಂಕಣ

ಮದುವೆ ಪತ್ರಿಕೆ ಬಂದರೆ ನಮ್ಮ ಮಾವನವರು ಮೊದಲು ನೋಡುವುದು ಮುಹೂರ್ತವನ್ನಲ್ಲ, ಊರನ್ನು. ಪತ್ರಿಕೆ ಕೊಡಲು ಬಂದವರನ್ನೇ ಹಿಡಿದು ಕೂಡಿಸಿ, "ನಿಮ್ಮೂರಾಗ ಹಳೇ ಗುಡಿ ಯಾವುದೈತಿ? ಗಿರಣಿ, ಮಷಿನ್ ಏನರ ಅದಾವೇನು?" ಎಂದು ಕೇಳುತ್ತಾರೆ. ಬಂದವರು ಚಹಾ ಕುಡಿಯುವುದನ್ನು ಬಿಟ್ಟು ನನ್ನ ಮುಖ ನೋಡುತ್ತಾರೆ.

ಮಾವನವರ ಹೆಸರು ವೆಂಕಪ್ಪ. ಬೆಟಗೇರಿಯ ನಮ್ಮ ಓಣಿಯಲ್ಲಿ ಸೀರೆ ನೇಯ್ದು, ಮಂದಿಯ ಮಗ್ಗ ಕೆಟ್ಟರೆ ಸರಿಮಾಡಿಕೊಟ್ಟು ಜೀವನ ಮಾಡಿದವರು. ಪ್ರವಾಸ ಎಂದು ಮಗ್ಗ ನಿಲ್ಲಿಸಿ ಹೊರಡುವ ಮಂದಿಯಲ್ಲ ನಾವು. ಅವರು ನೋಡಿದ ಲೋಕವೆಲ್ಲ ಮದುವೆಗೆ ಹೋದಾಗ ನೋಡಿದ್ದೇ. ಡಂಬಳದಲ್ಲಿ ಅಕ್ಷತೆ ಬಿದ್ದ ಕೂಡಲೇ ದೊಡ್ಡಬಸಪ್ಪನ ಗುಡಿಗೆ ನಡೆದು, ಮೂಲೆಮೂಲೆಯಾಗಿ ಸುತ್ತುವ ಅದರ ಗೋಡೆಯನ್ನು ಕೈಯಿಂದ ಸವರಿ, "ಇದು ಕಲ್ಲಿನ ಹಲ್ಲುಗಾಲಿ ನೋಡ್ರಿ, ತಿರುಗೂದೊಂದ ಬಾಕಿ" ಎಂದಿದ್ದರಂತೆ. ಶಿರಹಟ್ಟಿಯ ಮದುವೆಯಲ್ಲಿ ಊಟದ ಪಂಕ್ತಿ ಎದ್ದರೂ ಅವರ ಪತ್ತೆ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಎಣ್ಣೆ ಗಾಣದ ಹತ್ತಿರ, ಹೊಸ ಅಂಗಿಗೆಲ್ಲ ಎಣ್ಣೆ ಮಾಡಿಕೊಂಡು.

"ನನ್ನ ನೋಡಾಕ ಬಂದಾಗೂ ಹಂಗ ಮಾಡ್ಯಾರ" ಎನ್ನುತ್ತಾರೆ ಅತ್ತೆ ರತ್ನವ್ವ. "ನಾ ತಲಿ ಬಗ್ಗಿಸಿ ಕುಂತೇನಿ, ಇವ್ರು ನಮ್ಮಪ್ಪನ ಹೊಲಿಗಿ ಮಷಿನ್ ನೋಡಾಕತ್ತಾರ. ನಮ್ಮಪ್ಪ ನಿಮಗ ಕನ್ಯಾ ಬೇಕೋ ಮಷಿನ್ ಬೇಕೋ ಅಂತ ಕೇಳಿದ."

"ಎರಡೂ ಚೊಲೊ ಇದ್ವು" ಎನ್ನುತ್ತಾರೆ ಮಾವ. "ಮಷಿನ್ ಸಪ್ಪಳ ಕಮ್ಮಿ ಇತ್ತು."

ಈಗೆರಡು ವರ್ಷದಿಂದ ಅವರ ಕಣ್ಣಿನ ನರ ಒಣಗುತ್ತಿದೆ. ಹನಿ ಹಾಕಿದರೆ ನಿಧಾನವಾಗುತ್ತದೆಯೇ ಹೊರತು ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಪಕ್ಕದ್ದೇನೂ ಕಾಣದು, ಕೊಳವೆಯೊಳಗಿಂದ ನೋಡಿದಂತೆ ನಟ್ಟನಡುವಿನದಷ್ಟೇ ಕಾಣುತ್ತದೆ, ಅದೂ ಮಸುಕಾಗುತ್ತಿದೆ. ಮಗ್ಗದಲ್ಲಿ ಎಳೆ ಹರಿದರೆ ಹುಡುಕಲಾಗದೆ ನೇಯ್ಗೆ ಬಿಟ್ಟರು. ಹನಿ ಹಾಕುವುದು ನನ್ನ ಕೆಲಸ. ಒಂದು ದಿನ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದಾಗಲೇ ಹೇಳಿದರು: "ಯವ್ವಾ, ಅಂಕಿತಾನ ಮದುವಿಗೆ ಲಕ್ಷ್ಮೇಶ್ವರಕ್ಕ ಹೋಗತೀವಲ್ಲ. ಶಿಗ್ಲಿ ಅಲ್ಲೇ ಸಮೀಪ. ಅಲ್ಲಿ ಹತ್ತಿ ಗಿರಣ್ಯಾಗ ಒಂದು ಎಂಜಿನ್ ಇತ್ತು. ಸಣ್ಣಾಂವ ಇದ್ದಾಗ ನಮ್ಮಕ್ಕನ ಮದುವಿಗೆ ಹೋದಾಗ ನೋಡಿದ್ದೆ. ನನಗಿಂತ ಎತ್ತರ ಗಾಲಿ. ಅದು ತಿರುಗೂದು ಇನ್ನೊಮ್ಮಿ ನೋಡಬೇಕು, ಕಣ್ಣು ಇರೂದ್ರಾಗ."

ನನ್ನ ನಾದಿನಿ ಅಂಕಿತಾಳನ್ನು ಕೊಟ್ಟಿದ್ದು ಲಕ್ಷ್ಮೇಶ್ವರಕ್ಕೆ. ಮದುವೆಯೂ ಗಂಡಿನವರ ಊರಲ್ಲೇ. ಬೀಗರ ಕಡೆಯಿಂದ ಗಿರಣಿ ಕಾಯುವ ಮಾಶಾಕ ಎಂಬುವರ ನಂಬರು ಹಿಡಿದು ಫೋನು ಮಾಡಿದೆ.

"ಐತ್ರೀ ಅಕ್ಕಾರ, ಖರೆ ಇನ್ನೂ ತಿರಗತೈತಿ" ಎಂದರು. "ಆದ್ರ ಮಾಲಕ್ರು ಗುಜರಿಗೆ ಮಾರ್ಯಾರ. ನಿಮ್ಮ ಮದುವಿ ದಿನಾನ ಲಾರಿ ಬರತೈತಿ. ಹಿಂದಿನ ದಿನರ ಬರ್ರಿ, ಇಲ್ಲಾ ಅವತ್ತ ಮಧ್ಯಾಹ್ನರ ಬರ್ರಿ. ಒಮ್ಮಿ ಚಾಲೂ ಮಾಡಿ ತೋರಸ್ತೇನಿ."

ಹಿಂದಿನ ದಿನ ಲಕ್ಷ್ಮೇಶ್ವರ ಮುಟ್ಟಿದಾಗ ನನ್ನ ಕೈಗೂಸಿಗೆ ಮೈ ಬೆಚ್ಚಗಿತ್ತು. ಶಿಗ್ಲಿ ನಾಳೆಗೆ ಇರಲಿ ಎಂದು ಮಾವನವರನ್ನು ಹತ್ತಿರದ ಸೋಮೇಶ್ವರ ಗುಡಿಗಷ್ಟೇ ಕರೆದೊಯ್ದೆ. ನಂದಿಯ ಮೇಲೆ ಶಿವಪಾರ್ವತಿಯರು ಕುಳಿತ ಮೂರ್ತಿಯ ಮುಂದೆ ಅವರು ಕತ್ತು ಮೇಲೆ ಕೆಳಗೆ ಆಡಿಸುತ್ತ ಬಹಳ ಹೊತ್ತು ನಿಂತರು. "ನಂದಿ ಕಂಡ. ಮ್ಯಾಲ ಕುಂತವ್ರು ಇನ್ನೂ ಬರಬೇಕು" ಎಂದು ನಕ್ಕರು. ಅಂದು ಸಂಜೆ ಅರಿಷಿಣ ಹಚ್ಚಿ, ಹೆಣ್ಣಿನ ತಂದೆಯೆಂದು ಮಾವನವರಿಗೂ ಕಂಕಣ ಕಟ್ಟಿದರು.

ಮರುದಿನ ಅಕ್ಷತೆ ಬಿತ್ತು. ಊಟ ಮುಗಿಸಿ, ಕೂಸನ್ನು ಎತ್ತಿಕೊಂಡು, ನನ್ನ ಗಂಡನಿಗೆ ಹೇಳಿ ಆಟೋ ತರಿಸಿದೆ. ಮಾವನವರು ಚಪ್ಪಲಿ ಹಾಕಿಕೊಂಡು ತಯಾರಾಗಿ ನಿಂತಿದ್ದರು.

"ಎಲ್ಲಿಗೆ ಹೊಂಟ್ರಿ ಎಲ್ಲಾರು?" ಅತ್ತೆ ಬಾಗಿಲಿಗೆ ಬಂದರು.

"ಶಿಗ್ಲಿಗ್ರೀ ಅತ್ತ್ಯಾರ. ಜಲ್ದಿ ಬರ್ತೀವಿ."

ಅತ್ತೆ ಮಾವನವರ ಕೈ ಹಿಡಿದು ಮೇಲೆತ್ತಿದರು. "ಇದೇನು, ವಾಚ್ ಕಟ್ಟ್ಯಾರೇನು ಇವರಿಗೆ? ನಾಳಿ ಮುಂಜಾನಿ ದೇವರ ಮುಂದ ಕಂಕಣ ಬಿಚ್ಚೂತನಕಾ ಊರ ಸೀಮಿ ದಾಟಂಗಿಲ್ಲ."

ನನ್ನ ತವರಿನಲ್ಲಿ ಅಕ್ಷತೆ ಬಿದ್ದ ಕೂಡಲೇ ಕಂಕಣ ಬಿಚ್ಚುತ್ತಾರೆ. ತವರಿನಲ್ಲೇ ಆದ ನನ್ನ ಮದುವೆಯಲ್ಲೂ ನಮ್ಮ ಪದ್ಧತಿಯಂತೆ ಹಾಗೇ ಆಗಿತ್ತು. ಇವರದು ಬೇರೆ ಎಂದು ನನಗೆ ಹೊಳೆದಿರಲೇ ಇಲ್ಲ. ಮಾವನವರಿಗೆ ಇಂಥದ್ದೆಲ್ಲ ಎಂದೂ ನೆನಪಿರುವುದಿಲ್ಲ.

"ಅವ್ವಾ, ಈಗ ಸೀಮಿ ಎಲ್ಲೈತಿ? ರಸ್ತೇದಾಗ ಒಂದು ಬೋರ್ಡ್ ಐತಿ ಅಷ್ಟ" ಎಂದರು ನನ್ನವರು.

"ಶಾಣ್ಯಾ ಅದಿ ನೀ ಕಿರಣ್ಯಾ. ಆ ಬೋರ್ಡಿನ ಆಚೀಕ ನಿಮ್ಮಪ್ಪ ಕಾಣಲಾರದ ಎಡವಿ ಬಿದ್ದರ, ಬೀಗರು ನಿನ್ನ ಬೈತಾರೇನು? ಹೊಸ ಸೊಸಿ ಅಂಕಿತಾನ ಕಾಲ್ಗುಣ ಅಂತಾರ. ಜೀವನಪೂರ್ತಿ ಅಂತಾರ."

ಅಂಕಿತಾ ವೇದಿಕೆಯ ಮೇಲೆ ಗಂಡನ ಪಕ್ಕ ಕುಳಿತು ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಮಾವನವರು ಅವಳಿದ್ದ ಕಡೆ ಕತ್ತು ಹೊರಳಿಸಿದರು. ಅವಳು ಅವರ ಕಣ್ಣಿಗೆ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಚಪ್ಪಲಿ ಬಿಟ್ಟರು.

"ಆತು. ನೀವರ ಹೋಗಿ ಬರ್ರಿ. ಫೋನಿನ್ಯಾಗ ತೋರಸವಾ, ನಾ ಇಲ್ಲೇ ಕುಂತಿರತೇನಿ."

ನಾವು ಮುಟ್ಟಿದಾಗ ಲಾರಿ ಆಗಲೇ ಗಿರಣಿಯ ಅಂಗಳದಲ್ಲಿತ್ತು. ನಾಳೆಯವರೆಗೆ ತಡೆಯಲಾಗದೇ ಎಂದು ಮಾಶಾಕರ ಹತ್ತಿರ ಬೇಡಿಕೊಂಡೆ. "ನನ್ನ ಕೈಯಾಗ ಏನೈತ್ರೀ ಅಕ್ಕಾರ? ಮಾಲಕ್ರು ನನ್ನ ಮಾತು ಕೇಳೂದಿದ್ರ ಇದನ್ನ ಮಾರ್ತಿದ್ರೇನು?" ಎಂದು ಅವರು, ಕಾಯದೆ ಚಾಲೂ ಆಗದ ಆ ಎಂಜಿನ್ನಿನ ತಲೆಗೆ ಉರಿ ಹಿಡಿದು ಕಾಯಿಸತೊಡಗಿದರು. ನಂತರ ಅವರೂ ನನ್ನವರೂ ಸೇರಿ ದೊಡ್ಡ ಗಾಲಿಯನ್ನು ಹಿಂದಕ್ಕೆ ಮುಂದಕ್ಕೆ ತೂಗಿ ಎಳೆದರು. ಒಮ್ಮೆ ಕೆಮ್ಮಿತು, ನಿಂತಿತು. ಮತ್ತೆ ಎಳೆದರು. ಡುಗ್ ಎಂದಿತು, ಸುಮ್ಮನಾಯಿತು, ಮತ್ತೆ ಡುಗ್ ಎಂದಿತು. ಆಮೇಲೆ ನೆಲವೇ ಅದುರತೊಡಗಿತು. ಹೊಗೆ ತುಂಬಿತು. ಕೂಸು ಹೆದರಿ ಅತ್ತಿತೆಂದು ನನ್ನವರು ಅದನ್ನು ಹೊರಗೆ ಎತ್ತಿಕೊಂಡು ಹೋದರು.

ನಾನು ಫೋನು ಹಿಡಿದೆ. ತೆರೆಯಲ್ಲಿ ಮಾವನವರ ಹಣೆ, ಹಿಂದೆ ಬ್ಯಾಂಡಿನ ಗದ್ದಲ.

"ಕಾಣತೈತೇನ್ರೀ ಮಾವಾರ?"

"ಹಾಂ? ಏನಂದಿ? ಬಾರಸಾಕತ್ತಾರ ಇಲ್ಲಿ!"

"ಗಾಲಿ ಕಾಣತೈತೇನ್ರೀ?"

"ಕಾಣತೈತಿ, ಕಾಣತೈತಿ! ಸಣ್ಣದು, ಬೆಳ್ಳಗ, ಸುತ್ತಾಕತ್ತೈತಿ... ಇಷ್ಟ ಸಣ್ಣದಿತ್ತೇನು ಅದು?"

ಸಿಗ್ನಲ್ ಇಲ್ಲದೆ ಚಿತ್ರ ನಿಂತಾಗ ತೆರೆಯ ನಡುವೆ ಒಂದು ಬಿಳಿ ಸುತ್ತು ತಿರುಗುತ್ತದಲ್ಲ, ಅವರು ನೋಡುತ್ತಿದ್ದುದು ಅದನ್ನು. ಫೋನು ಎತ್ತಿ ಹಿಡಿದು ಬಾಗಿಲಿಗೆ ಓಡಿದೆ, ಕಿಟಕಿಗೆ ಬಂದೆ, ಹಲೋ ಹಲೋ ಎಂದೆ, ಕಡಿದು ಮತ್ತೆ ಹಚ್ಚಿದೆ. ಹೀಗೆ ಮಾಡುತ್ತಿರುವಾಗಲೇ ಬೆನ್ನ ಹಿಂದಿನ ಸಪ್ಪಳ ನಿಧಾನವಾಗಿ, ನಿಂತೇ ಹೋಯಿತು.

"ಎಣ್ಣಿ ಮುಗೀತ್ರಿ" ಎಂದರು ಮಾಶಾಕ. ಅಷ್ಟೂ ಹೊತ್ತು ಅವರು ಎಂಜಿನ್ನಿಗೆ ಎಣ್ಣೆ ಉಣಿಸುವ ಬಟ್ಟಲಿನ ಮೇಲೆಯೇ ಕಣ್ಣಿಟ್ಟು ಕುಳಿತಿದ್ದರು. "ತೋರಿಸಿದ್ರೇನ್ರೀ ಅವರಿಗೆ?"

ಲಾರಿಯವರು ಸುತ್ತಿಗೆ ಹಿಡಿದು ಒಳಗೆ ಬಂದರು.

ಮರುದಿನ ಮುಂಜಾನೆ ಕಂಕಣ ಬಿಚ್ಚಿದ ಮೇಲೆ, ಏನೂ ಉಳಿದಿರುವುದಿಲ್ಲ ಎಂದು ಗೊತ್ತಿದ್ದೂ, ಮಾವನವರನ್ನು ಶಿಗ್ಲಿಗೆ ಕರೆದೊಯ್ದೆ. ಕಲ್ಲಿನ ಕಟ್ಟೆ, ಅದರಿಂದ ಎದ್ದ ಬೋಲ್ಟುಗಳು, ಎಣ್ಣೆ ಕುಡಿದು ಕರ್ರಗಾದ ನೆಲ. ಅವರು ಕಾಲಿನಿಂದ ತಡವುತ್ತ ಕಟ್ಟೆಯ ಸುತ್ತ ಒಂದು ಸಲ ಬಂದರು.

"ಹೋಗಲಿ ಬಿಡು. ನೀನರ ನೋಡಿದ್ಯಲ್ಲ" ಎಂದರು. "ಹೆಂಗ ತಿರಗತು? ಹೇಳು."

ಏನು ಹೇಳಬೇಕೆಂದು ಹುಡುಕಿದೆ. ನೆನಪಿಗೆ ಬಂದದ್ದು ಫೋನಿನ ತೆರೆ, ಅದರಲ್ಲಿ ಅವರ ಹಣೆ.

"ನಾ ಫೋನ್ ನೋಡಾಕತ್ತಿದ್ನಿರೀ ಮಾವಾರ."

"ಕಿರಣ್ಯಾ?"

"ಕೂಸಿನ್ನ ಹೊರಗ ಹಿಡಕೊಂಡಿದ್ರು. ಮಾಶಾಕ ಅವ್ರು ಎಣ್ಣಿ ಬಟ್ಟಲಾನ ನೋಡಾಕತ್ತಿದ್ರು."

ಅವರು ಒಂದು ಬೋಲ್ಟಿನ ತಲೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತರು.

"ಹಂಗಾರ ಅದು ತಾನೊಂದ ತಿರಗೇತಿ, ಯಾರೂ ನೋಡಲಾರದ" ಎಂದರು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವವರ ಹಾಗೆ.

ಕೂಸು ಹಸಿದು ಅಳತೊಡಗಿತು. ಬೇರೆ ಜಾಗವಿಲ್ಲದೆ ಆ ಕಟ್ಟೆಯ ಮೇಲೆಯೇ ಕುಳಿತು ಸೆರಗು ಹೊದ್ದು ಹಾಲು ಕುಡಿಸಿದೆ. ಮಾವನವರು ನಮ್ಮ ಕಡೆ ಬೆನ್ನು ಮಾಡಿ ಗೋಡೆಗೆ ಮುಖ ಹಾಕಿ ನಿಂತರು. ಕೂಸು ಮಲಗಿದ ಮೇಲೂ ಅವರು ತಿರುಗಲಿಲ್ಲ, ನಾನು ಕರೆಯಲಿಲ್ಲ.